ಹತ್ತೊಂಬತ್ತನೇ ಕಲಂ

ಸೊರಬದಿಂದ ಹೊನ್ನಾವರದ ಕಡಲಿಗೆ ಭೂಪಟದ ಮೇಲೆ ನೇರ ಗೆರೆ ಎಳೆದು ಅಳೆದರೆ ಸುಮಾರು 70 ಕಿಲೋಮೀಟರು. ಶಿಕಾರಿಪುರದಿಂದ ಅಳೆದರೆ ನೂರಕ್ಕೆ ಸ್ವಲ್ಪ ಕಡಿಮೆ. ಘಟ್ಟ ಇಳಿದು ಬಸ್ಸಿನಲ್ಲಿ ಹೋಗುವವರಿಗೆ ಇದು ಅರ್ಧ ದಿನದ ಕೆಲಸ. ನಾಲ್ಕು ಸೀಟಿನ ಪುಟ್ಟ ವಿಮಾನಕ್ಕೆ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಹಾಗಾಗಿ ನಾವು ಮಲೆನಾಡಿನವರು, ಕಡಲಿನ ಗೊಡವೆ ನಮಗಿಲ್ಲ ಎನ್ನುವ ಮಾತು ನೆಲದ ಮೇಲೆ ನಡೆಯುವವರಿಗೆ ಸರಿ. ಆಕಾಶದಲ್ಲಿ ಹೋಗುವವರಿಗೆ ಕಡಲು ಪಕ್ಕದ ಕೇರಿಯಷ್ಟು ಹತ್ತಿರ. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಮೂರು ಕಿಲೋಮೀಟರು ಉದ್ದದ ರನ್‌ವೇ ನಮ್ಮ ಜಿಲ್ಲೆಗೇ ಬಂತು. ಅದನ್ನು ನೋಡಿ ಬೆಳೆಯುವ ಮಕ್ಕಳಲ್ಲಿ ಯಾರಾದರೂ ಪೈಲಟ್ ಆಗುತ್ತಾರೆ. ಆದವರಲ್ಲಿ ಯಾರಾದರೂ ಒಬ್ಬರು ಪುಟ್ಟ ವಿಮಾನವೊಂದನ್ನು ನೀರಿನ ಮೇಲೆ ಹಾರಿಸಿಕೊಂಡು ಇನ್ನೊಂದು ದೇಶಕ್ಕೆ ಹೋಗುತ್ತಾರೆ. ಆ ಪ್ರಯಾಣಕ್ಕೆ ತಯಾರಿ ಹೇಗೆ ಎಂಬುದೇ ಇವತ್ತಿನ ಮಾತು. ಈ ತಯಾರಿಯನ್ನು ಸಾಮಾನ್ಯವಾಗಿ ಎರಡು ಗಂಟಾಗಿ ಕಟ್ಟುತ್ತಾರೆ. ಒಂದು, ಜೀವ ಉಳಿಸುವ ಸಾಮಾನಿನ ಗಂಟು. ಇನ್ನೊಂದು, ಕಚೇರಿಯ ಕಾಗದದ ಗಂಟು. ಮೊದಲನೆಯದನ್ನು ಆಸಕ್ತಿಯಿಂದ ಕಟ್ಟುತ್ತಾರೆ, ಎರಡನೆಯದನ್ನು ಬೈದುಕೊಂಡು ಕಟ್ಟುತ್ತಾರೆ. ನನ್ನ ವಾದ ಇಷ್ಟೇ. ಇವು ಎರಡು ಗಂಟಲ್ಲ. ನೀರಿನ ಮೇಲೆ ಹಾರುವವನಿಗೆ ಕಾಗದವೇ ಮೊದಲನೆಯ ಲೈಫ್ ಜಾಕೆಟ್.

ಒಂದು ದಾರಿಯನ್ನು ಹಿಡಿದು ನೋಡೋಣ. ಸೋಗಾನೆಯಿಂದ ಶ್ರೀಲಂಕಾದ ಯಾಳ್ಪಾಣ, ಅಂದರೆ ಜಾಫ್ನಾಕ್ಕೆ ಹೊರಡಬೇಕು ಎಂದಿಟ್ಟುಕೊಳ್ಳಿ. ಸೋಗಾನೆಯಿಂದ ನೇರ ಹೊರದೇಶಕ್ಕೆ ಹೋಗುವಂತಿಲ್ಲ. ಅಲ್ಲಿ ಕಸ್ಟಮ್ಸ್ ಇಲ್ಲ, ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವರಿಲ್ಲ. ಮೊದಲು ಅವು ಇರುವ ನಿಲ್ದಾಣಕ್ಕೆ ಹೋಗಬೇಕು. ತಿರುಚಿರಾಪಳ್ಳಿ ಅನುಕೂಲ. ಸುಮಾರು 480 ಕಿಲೋಮೀಟರು, ಎರಡೂವರೆ ಗಂಟೆಯ ಹಾರಾಟ. ಅಲ್ಲಿಂದ ಜಾಫ್ನಾದ ಪಲಾಲಿ ನಿಲ್ದಾಣಕ್ಕೆ ಸುಮಾರು 185 ಕಿಲೋಮೀಟರು. 2019ರ ಅಕ್ಟೋಬರಿನಿಂದ ಪಲಾಲಿ ಅಂತರರಾಷ್ಟ್ರೀಯ ನಿಲ್ದಾಣ. ನಡುವೆ ಇರುವುದು ಪಾಕ್ ಜಲಸಂಧಿ. ಈಗ ನಿಮ್ಮ ಮನಸ್ಸಿನಲ್ಲೇ ಒಂದು ನಕ್ಷೆ ಬಿಡಿಸಿಕೊಳ್ಳಿ. ತಿರುಚಿಯಿಂದ ಪಲಾಲಿಗೆ ದಾರ ಬಿಗಿದ ಹಾಗೆ ನೇರ ಹೋದರೆ ನೀರಿನ ಮೇಲೆ ತೊಂಬತ್ತು ಕಿಲೋಮೀಟರು ಬೀಳುತ್ತದೆ. ಅದೇ ದಾರವನ್ನು ಕೊಂಚ ಪೂರ್ವಕ್ಕೆ ಎಳೆದು, ಕಡಲಿನೊಳಗೆ ಮೂಗಿನ ಹಾಗೆ ಚಾಚಿಕೊಂಡಿರುವ ಕೋಡಿಯಕ್ಕರೈ ಭೂಶಿರದ ಮೇಲೆ ಹಾಯಿಸಿದರೆ ನೀರು ಐವತ್ತೈದು ಕಿಲೋಮೀಟರಿಗೆ ಇಳಿಯುತ್ತದೆ. ಒಟ್ಟು ದಾರಿ ಬೆಳೆಯುವುದು ಹತ್ತು ಕಿಲೋಮೀಟರಿನೊಳಗೆ. ಮೂರು ನಿಮಿಷದ ಸುತ್ತಿಗೆ ಮೂವತ್ತೈದು ಕಿಲೋಮೀಟರು ಕಡಲು ಕಡಿಮೆಯಾಗುತ್ತದೆ. ಇದಕ್ಕಿಂತ ಅಗ್ಗದ ವ್ಯಾಪಾರ ಆಕಾಶದಲ್ಲಿ ಇನ್ನೊಂದಿಲ್ಲ. ಒಂದೇ ಎಚ್ಚರ: ಕೋಡಿಯಕ್ಕರೈ ನಮ್ಮ ಗುಡವಿಯ ಹಾಗೆ ಪಕ್ಷಿಧಾಮ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಅಲ್ಲಿ ಹಿಂಡು ಹಿಂಡಾಗಿ ಇಳಿಯುತ್ತವೆ. ಅವುಗಳ ಮೇಲೆ ತಗ್ಗಿನಲ್ಲಿ ಹಾಯುವುದು ಅವುಗಳಿಗೂ ಒಳ್ಳೆಯದಲ್ಲ, ವಿಮಾನದ ಗಾಜಿಗೂ ಒಳ್ಳೆಯದಲ್ಲ.

ದಾರಿ ಬಾಗಿಸಿದ್ದಾಯಿತು. ಇನ್ನು ಎತ್ತರದ ಮಾತು. ಪೈಲಟ್‌ಗಳಲ್ಲಿ ಒಂದು ಮಾತಿದೆ: ಕೆಳಗೆ ನೀರಿದೆಯೋ ನೆಲವಿದೆಯೋ ಎಂಜಿನ್ನಿಗೆ ಗೊತ್ತಿರುವುದಿಲ್ಲ. ನಿಜ. ನೀರು ಕಂಡಾಕ್ಷಣ ಎಂಜಿನ್ ಕೆಡುವುದಿಲ್ಲ. ಹಾಗಾದರೆ ಇಷ್ಟು ಭಯ ಯಾಕೆ ಎಂದು ಕೇಳುವವರಿದ್ದಾರೆ. ಕೆಡುವ ಸಂಭವ ಒಂದೇ, ಕೆಟ್ಟಾಗ ಆಗುವ ನಷ್ಟ ಒಂದೇ ಅಲ್ಲ. ಶಿರಾಳಕೊಪ್ಪ, ಆನವಟ್ಟಿಯ ಬಯಲಿನ ಮೇಲೆ ಎಂಜಿನ್ ನಿಂತರೆ ಕೊಯ್ಲಾದ ಗದ್ದೆಯೊಂದು ಸಿಕ್ಕೀತು. ವಿಮಾನ ಮುರಿದರೂ ಜನ ಓಡಿ ಬರುತ್ತಾರೆ. ಕಡಲಿನಲ್ಲಿ ಓಡಿ ಬರುವವರು ಯಾರು? ಎಂಜಿನ್ ನಿಂತ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ, ತೇಲುತ್ತ ಇಳಿಯುತ್ತದೆ. ನಮ್ಮ ತರಬೇತಿ ಶಾಲೆಗಳಲ್ಲಿ ಬಳಸುವ ಸೆಸ್ನಾ 172ರಂಥ ವಿಮಾನ ಒಂದು ಕಿಲೋಮೀಟರು ಎತ್ತರಕ್ಕೆ ಸುಮಾರು ಒಂಬತ್ತು ಕಿಲೋಮೀಟರು ಮುಂದೆ ಹೋಗುತ್ತದೆ. ಈಗ ಲೆಕ್ಕ ಮಾಡಿ. ಒಂದೂವರೆ ಕಿಲೋಮೀಟರು ಎತ್ತರದಲ್ಲಿ ನೇರ ದಾರಿಯಲ್ಲಿ ಹೋದರೆ ಈ ದಡವೂ ಎಟುಕದ, ಆ ದಡವೂ ಎಟುಕದ ನಡುನೀರು ಹತ್ತೊಂಬತ್ತು ನಿಮಿಷ. ಅದೇ ಎತ್ತರದಲ್ಲಿ ಬಾಗಿಸಿದ ದಾರಿಯಲ್ಲಿ ಒಂಬತ್ತು ನಿಮಿಷ. ಬಾಗಿಸಿದ ದಾರಿಯಲ್ಲಿ ಮೂರು ಕಿಲೋಮೀಟರು ಎತ್ತರಕ್ಕೆ ಏರಿದರೆ ಆ ಅವಧಿ ಒಂದು ನಿಮಿಷಕ್ಕೂ ಕಡಿಮೆ. ಎದುರುಗಾಳಿಗೆ ಈ ಲೆಕ್ಕ ಬದಲಾಗುತ್ತದೆ, ಆದರೆ ದಿಕ್ಕು ಬದಲಾಗುವುದಿಲ್ಲ. ಏನೂ ಕೊಂಡುಕೊಳ್ಳದೆ, ಯಾವ ಸಾಮಾನೂ ಹೊರದೆ, ಹತ್ತೊಂಬತ್ತು ನಿಮಿಷದ ಅಪಾಯ ಒಂದು ನಿಮಿಷಕ್ಕೆ ಇಳಿಯಿತು. ಇದು ನಡೆದದ್ದು ಎಲ್ಲಿ? ಆಕಾಶದಲ್ಲಲ್ಲ. ಹಿಂದಿನ ದಿನ ಮೇಜಿನ ಮೇಲೆ, ಪೆನ್ಸಿಲ್ಲು ಸ್ಕೇಲು ಹಿಡಿದು. ಆ ದಾರಿಯನ್ನೂ ಆ ಎತ್ತರವನ್ನೂ ಫ್ಲೈಟ್ ಪ್ಲಾನ್ ಎಂಬ ಅರ್ಜಿಯಲ್ಲಿ ಬರೆದು, ನಿಯಂತ್ರಣ ಕೇಂದ್ರದವರು ಒಪ್ಪಿದ ಮೇಲೆಯೇ ಅದು ದಾರಿ. ಅರ್ಜಿಯಲ್ಲಿ ನೇರ ದಾರಿ ಬರೆದು ಆಕಾಶದಲ್ಲಿ ಬಾಗಿಸಿಕೊಂಡು ಹೋದವನನ್ನು ಹುಡುಕುವವರು ನೇರ ದಾರಿಯ ಕೆಳಗೇ ಹುಡುಕುತ್ತಾರೆ.

ಇಲ್ಲಿವರೆಗೆ ಹೇಳಿದ್ದು ದಾರಿ ಮತ್ತು ಎತ್ತರ. ಇಷ್ಟು ಮಾಡಿಯೂ ನೀರಿಗೆ ಇಳಿಯಬೇಕಾಗಿ ಬಂದರೆ? ಲೈಫ್ ಜಾಕೆಟ್ಟು ಸೀಟಿನ ಕೆಳಗೆ ಇರಬಾರದು, ಹೊರಡುವಾಗಲೇ ಮೈಮೇಲೆ ಇರಬೇಕು. ಆದರೆ ಅದಕ್ಕೆ ಗಾಳಿ ತುಂಬುವುದು ವಿಮಾನದಿಂದ ಹೊರಬಂದ ಮೇಲೆ. ಒಳಗೇ ಉಬ್ಬಿಸಿಕೊಂಡವನನ್ನು ನೀರು ಚಾವಣಿಗೆ ಒತ್ತಿ ಹಿಡಿಯುತ್ತದೆ, ಬಾಗಿಲಿಗೆ ಮುಳುಗಿ ಹೋಗಲು ಬಿಡುವುದಿಲ್ಲ. ನೀರು ಮುಟ್ಟುವ ಮೊದಲೇ ಬಾಗಿಲನ್ನು ಸ್ವಲ್ಪ ತೆರೆದಿಟ್ಟುಕೊಳ್ಳಬೇಕು. ಗಾಳಿ ತುಂಬುವ ತೆಪ್ಪ ಕೈಗೆ ಸಿಗುವ ಹಾಗೆ ಮೇಲೆಯೇ ಇರಬೇಕು, ಪೆಟ್ಟಿಗೆಗಳ ಅಡಿಯಲ್ಲಲ್ಲ. ಇವೆಲ್ಲ ತಿಳಿದವರಿಗೆ ತಿಳಿದದ್ದೇ. ಅದಕ್ಕಿಂತ ಮುಖ್ಯವಾದ ಒಂದು ವ್ಯತ್ಯಾಸ ಹೇಳುತ್ತೇನೆ. 2019ರ ಮೇ ತಿಂಗಳಲ್ಲಿ ಮುಂಬೈನ ಆರೋಹಿ ಪಂಡಿತ್ ‘ಮಾಹಿ’ ಎಂಬ ಪುಟಾಣಿ ವಿಮಾನದಲ್ಲಿ ಒಬ್ಬರೇ ಅಟ್ಲಾಂಟಿಕ್ ಸಾಗರ ದಾಟಿದರು. ಸ್ಕಾಟ್ಲೆಂಡಿನ ವಿಕ್‌ನಿಂದ ಐಸ್‌ಲೆಂಡ್, ಗ್ರೀನ್‌ಲೆಂಡ್ ಮೂಲಕ ಕೆನಡಾದ ಇಕಾಲುಯಿಟ್‌ವರೆಗೆ. ಹಳೆಯ ಮಾರುತಿ 800 ಕಾರಿಗಿಂತ ಹಗುರವಾದ, ಒಂದೇ ಎಂಜಿನ್ನಿನ ವಿಮಾನ ಅದು. ಅಲ್ಲಿನ ನೀರು ಮಂಜುಗಡ್ಡೆಗೆ ಸಮೀಪದ್ದು. ವಿಶೇಷ ಉಡುಪಿಲ್ಲದೆ ಬಿದ್ದವರಿಗೆ ಗಡಿಯಾರ ನಿಮಿಷದ ಲೆಕ್ಕದಲ್ಲಿ ಓಡುತ್ತದೆ. ಅಲ್ಲಿ ಉಡುಪು ಮೊದಲು, ಉಳಿದದ್ದು ಆಮೇಲೆ. ನಮ್ಮ ಪಾಕ್ ಜಲಸಂಧಿ ಹಾಗಲ್ಲ. ನೀರು ಬೆಚ್ಚಗೆ. ಜಾಕೆಟ್ಟು ತೊಟ್ಟವನು ಗಂಟೆಗಟ್ಟಲೆ ತೇಲಿಕೊಂಡಿರಬಹುದು. ಅವನಿಗೆ ಬೇಕಾದ ಸಮಯವನ್ನು ಕಡಲೇ ಕೊಡುತ್ತದೆ. ಅವನಿಗೆ ಇಲ್ಲದಿರುವುದು ಒಂದೇ: ತನ್ನನ್ನು ಯಾರಾದರೂ ಹುಡುಕುತ್ತಿದ್ದಾರೆ ಎಂಬ ಖಾತ್ರಿ. ಆ ಖಾತ್ರಿಯನ್ನು ಕೊಡುವುದು ಕಾಗದ. ನಮ್ಮ ಕಡಲಿನಲ್ಲಿ ಕಾಗದಕ್ಕೆ ಅಟ್ಲಾಂಟಿಕ್‌ನಲ್ಲಿರುವುದಕ್ಕಿಂತ ಹೆಚ್ಚು ಬೆಲೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಾಗಾದರೆ ಆ ಕಾಗದದಲ್ಲಿ ಇರುವುದೇನು? ಫ್ಲೈಟ್ ಪ್ಲಾನ್ ಅರ್ಜಿ ಜಗತ್ತಿನಾದ್ಯಂತ ಒಂದೇ ನಮೂನೆ. ಅದರ ಕೊನೆಯ ಭಾಗಕ್ಕೆ ಹತ್ತೊಂಬತ್ತನೇ ಕಲಂ ಎಂದು ಹೆಸರು. ಈ ಕಲಮಿನಲ್ಲಿ ಕೇಳುವುದನ್ನು ನಿಧಾನವಾಗಿ ಕೇಳಿ. ಎಷ್ಟು ಗಂಟೆ, ಎಷ್ಟು ನಿಮಿಷಕ್ಕಾಗುವ ಇಂಧನ ಇದೆ? ಎಷ್ಟು ಜನ ಇದ್ದೀರಿ? ತುರ್ತು ರೇಡಿಯೊ ಯಾವುದು? ಬದುಕುಳಿಯುವ ಸಾಮಾನು ಯಾವ ಜಾಗಕ್ಕೆ ಹೊಂದುವಂಥದ್ದು, ಧ್ರುವಕ್ಕೋ, ಮರುಭೂಮಿಗೋ, ಸಮುದ್ರಕ್ಕೋ, ಕಾಡಿಗೋ? ಜಾಕೆಟ್ಟಿನಲ್ಲಿ ದೀಪ ಇದೆಯೇ? ತೆಪ್ಪ ಎಷ್ಟು, ಎಷ್ಟು ಜನ ಹಿಡಿಯುತ್ತದೆ, ಮೇಲೆ ಹೊದಿಕೆ ಇದೆಯೇ, ಅದರ ಬಣ್ಣ ಯಾವುದು? ವಿಮಾನದ ಬಣ್ಣ ಯಾವುದು, ಮೈಮೇಲೆ ಗುರುತು ಏನು? ಕೊನೆಗೆ, ಪೈಲಟ್ ಹೆಸರು. ಗಮನಿಸಿದಿರಾ? ಇದರಲ್ಲಿ ಹಾರಾಟಕ್ಕೆ ಬೇಕಾದ ಪ್ರಶ್ನೆ ಒಂದೂ ಇಲ್ಲ. ಎಲ್ಲವೂ ನಿಮ್ಮನ್ನು ಹುಡುಕಲು ಬರುವವನ ಪ್ರಶ್ನೆಗಳು. ಮೇಲಿನಿಂದ ನೋಡುವವನು ಅಲೆಗಳ ನಡುವೆ ಹಳದಿ ಚುಕ್ಕೆ ಹುಡುಕಬೇಕೋ ಕಿತ್ತಳೆ ಚುಕ್ಕೆಯೋ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಇಬ್ಬರು ಸಿಕ್ಕ ಮೇಲೆ ಹುಡುಕಾಟ ನಿಲ್ಲಿಸಬೇಕೋ, ಮೂರನೆಯವನೂ ಇದ್ದಾನೋ ಎಂಬುದೂ ಇಲ್ಲೇ. ಇನ್ನೊಂದು ಸೂಕ್ಷ್ಮ ಇದೆ. ಈ ಕಲಮಿನಲ್ಲಿ ಹಲವು ಅಕ್ಷರಗಳನ್ನು ಮೊದಲೇ ಅಚ್ಚು ಹಾಕಿರುತ್ತಾರೆ. ನಿಮ್ಮ ಬಳಿ ಇಲ್ಲದ್ದನ್ನು ನೀವೇ ಪೆನ್ನಿನಿಂದ ಹೊಡೆದು ಹಾಕಬೇಕು. ಜಾಕೆಟ್ ಇಲ್ಲವೇ? ‘ಜೆ’ ಅಕ್ಷರವನ್ನು ಹೊಡೆಯಿರಿ. ತೆಪ್ಪ ಇಲ್ಲವೇ? ‘ಡಿ’ ಹೊಡೆಯಿರಿ. ತನ್ನ ಬಳಿ ಏನಿಲ್ಲ ಎಂಬುದನ್ನು ಮನುಷ್ಯ ತನ್ನ ಕೈಯಾರೆ ಹೊಡೆದು ತೋರಿಸಬೇಕಾದ ಅರ್ಜಿಗಳು ನಮ್ಮ ಬದುಕಿನಲ್ಲಿ ಕಡಿಮೆ. ಹೊರಡುವ ಹೊತ್ತಿನಲ್ಲಿ ‘ಜೆ’ ಮೇಲೆ ಗೀಟು ಎಳೆಯುವ ಕೈ ಒಂದು ಕ್ಷಣ ನಿಂತರೆ, ಅರ್ಜಿ ತನ್ನ ಅರ್ಧ ಕೆಲಸ ಮುಗಿಸಿತು.

ಈ ಹತ್ತೊಂಬತ್ತನೇ ಕಲಂ ಸಾಮಾನ್ಯವಾಗಿ ಮುಂದಿನ ನಿಲ್ದಾಣಕ್ಕೆ ಹೋಗುವುದೇ ಇಲ್ಲ. ಹೊರಟ ಕಡೆಯೇ ಇರುತ್ತದೆ. ತಲುಪಬೇಕಾದ ಹೊತ್ತು ಮೀರಿ ಅರ್ಧ ಗಂಟೆಯಾದರೂ ಸುದ್ದಿ ಇಲ್ಲದಿದ್ದರೆ ಮೊದಲ ಹಂತದ ವಿಚಾರಣೆ ಶುರು. ಮೊದಲು ಅನುಮಾನ, ಆಮೇಲೆ ಎಚ್ಚರಿಕೆ, ಆಮೇಲೆ ಅಪಾಯ, ಹೀಗೆ ಮೂರು ಮೆಟ್ಟಿಲು. ಆಗ ಆ ಕಲಮನ್ನು ತೆಗೆದು ಓದುತ್ತಾರೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲದಲ್ಲಿ ಕಾಲುಸಂಕ ದಾಟಿ ಆಚೆ ದಡದ ಮನೆಗೆ ಹೋಗುವವರು ಮೊದಲೇ ಸುದ್ದಿ ಕಳಿಸುತ್ತಾರೆ. ಕತ್ತಲಾಗುವುದರೊಳಗೆ ಬರದಿದ್ದರೆ ಆಚೆಯವರು ದೀಪ ಹಿಡಿದು ಹೊಳೆಯ ತನಕ ಬರುತ್ತಾರೆ. ಫ್ಲೈಟ್ ಪ್ಲಾನ್ ಅಂದರೆ ಇದೇ. ಸುದ್ದಿ ಕಳಿಸಿದವನಿಗೆ ಇನ್ನೊಂದು ಕರ್ತವ್ಯವೂ ಇದೆ: ತಲುಪಿದೆ ಎಂದು ಹೇಳುವುದು. ಇಳಿದು, ಹೇಳದೆ, ಊಟಕ್ಕೆ ಕೂತವನಿಗಾಗಿ ಕಡಲೆಲ್ಲ ಜಾಲಾಡಿದರೆ, ಅದೇ ಹೊತ್ತಿಗೆ ನಿಜವಾಗಿ ಮುಳುಗುತ್ತಿರುವವನ ಪಾಲಿನ ಹಡಗು ದೂರ ಹೋಗಿರುತ್ತದೆ.

ಹುಡುಕುವವನಿಗೆ ಕಾಗದವೇ ಕಣ್ಣು ಎಂದಾಯಿತು. ಈಗ ಸಾಮಾನಿನ ಕಡೆಯಿಂದ ಬರುವ ಆಕ್ಷೇಪ ನೋಡೋಣ. ಇದು ಉಪಗ್ರಹದ ಕಾಲ, ತುರ್ತು ಬೀಕನ್ ಇದೆ, ಅದೇ ಕೂಗಿ ಕರೆಯುತ್ತದೆ, ಅರ್ಜಿಯ ಹಂಗು ಯಾಕೆ ಎನ್ನುತ್ತಾರೆ. ಬೀಕನ್ ದೊಡ್ಡ ಉಪಕಾರಿ, ಅದರಲ್ಲಿ ಸಂಶಯವಿಲ್ಲ. 1982ರಲ್ಲಿ ಈ ಉಪಗ್ರಹ ವ್ಯವಸ್ಥೆ ಮೊದಲ ಬಾರಿ ಜೀವ ಉಳಿಸಿದ್ದೇ ಕೆನಡಾದ ಕಾಡಿನಲ್ಲಿ ಬಿದ್ದ ಪುಟ್ಟ ವಿಮಾನವೊಂದರ ಮೂವರದ್ದು. ಭಾರತದ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ, ಇಸ್ರೋದ ಇಸ್ಟ್ರಾಕ್ ಸಂಸ್ಥೆಯಲ್ಲಿ. ಪಾಕ್ ಜಲಸಂಧಿಯಲ್ಲಿ ನಮ್ಮ ದೇಶದ ಬೀಕನ್ ಒಂದು ಕೂಗಿದರೆ ಆ ಕೂಗು ಬೆಂಗಳೂರಿಗೆ ಕೇಳುತ್ತದೆ. ಆದರೆ ಬೀಕನ್ ತನ್ನ ಗುರುತು ಹೇಳುವುದು ಒಂದು ಸಂಖ್ಯೆಯಲ್ಲಿ ಮಾತ್ರ. ಆ ಸಂಖ್ಯೆ ಯಾರದ್ದು, ಯಾವ ವಿಮಾನ, ಮನೆಯ ಫೋನ್ ನಂಬರ್ ಏನು ಎಂಬುದು ಗೊತ್ತಾಗುವುದು ಮೊದಲೇ ನೋಂದಣಿ ಅರ್ಜಿ ತುಂಬಿದ್ದರೆ. ಬೀಕನ್‌ಗಳ ಕೂಗಿನಲ್ಲಿ ಬಹುಪಾಲು ಸುಳ್ಳು ಕೂಗು. ಕೈತಪ್ಪಿ ಒತ್ತಿದ್ದು, ಶೆಡ್ಡಿನಲ್ಲಿ ಬಿದ್ದದ್ದು. ಹಾಗಾಗಿ ಕೇಂದ್ರದವರು ಮೊದಲು ಫೋನ್ ಮಾಡಿ ವಿಚಾರಿಸುತ್ತಾರೆ. ನೋಂದಣಿ ಇಲ್ಲದ ಬೀಕನ್ ಹೆಸರಿಲ್ಲದ ಕೂಗು. ಇನ್ನೂ ಒಂದು ಮಾತು. 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಹಳೆಯ 121.5 ಮೆಗಾಹರ್ಟ್ಸ್ ಬೀಕನ್‌ಗಳಿಗೆ ಕಿವಿಗೊಡುವುದನ್ನೇ ನಿಲ್ಲಿಸಿವೆ. ಈಗ ಬೇಕಾದದ್ದು 406ರದ್ದು. ವಿಮಾನಕ್ಕೆ ಬಿಗಿದ ಬೀಕನ್ ವಿಮಾನದ ಜೊತೆ ಮುಳುಗಿದರೆ ನೀರಿನೊಳಗಿಂದ ಅದರ ದನಿ ಮೇಲೆ ಬರುವುದಿಲ್ಲ. ಅದಕ್ಕೇ ಜಾಕೆಟ್ಟಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಬೀಕನ್ ಬೇರೆ ಬೇಕು. ಅದಕ್ಕೂ ನೋಂದಣಿ ಬೇಕು. ಮೊಬೈಲ್ ಸಾಲದೇ ಎಂದರೆ, ನಡುನೀರಿನಲ್ಲಿ ಟವರ್ ಇಲ್ಲ. ನಮ್ಮ ಚಂದ್ರಗುತ್ತಿ ಗುಡ್ಡದ ಹಿಂದೆ ಸಿಗ್ನಲ್ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಡುಕಾಟದ ಕಾಗದ ಆಯಿತು. ಉಳಿದದ್ದು ಅನುಮತಿಯ ಕಾಗದ. ಜನ ಹೆಚ್ಚು ಬೈಯುವುದು ಇದನ್ನೇ. 1944ರ ಡಿಸೆಂಬರ್ 7ರಂದು ಷಿಕಾಗೊ ನಗರದಲ್ಲಿ ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಹೊರದೇಶಕ್ಕೆ ಹಾರುವ ವಿಮಾನದಲ್ಲಿ ಇರಲೇಬೇಕಾದ ಕಾಗದಗಳನ್ನು ಅದರ 29ನೇ ವಿಧಿ ಹೇಳುತ್ತದೆ. ವಿಮಾನದ ನೋಂದಣಿ ಪತ್ರ, ಹಾರಲು ಯೋಗ್ಯ ಎಂಬ ಪ್ರಮಾಣಪತ್ರ, ಪೈಲಟ್ ಲೈಸೆನ್ಸ್, ಪ್ರಯಾಣದ ಲಾಗ್ ಪುಸ್ತಕ, ರೇಡಿಯೊ ಇದ್ದರೆ ಅದರ ಪರವಾನಗಿ, ಪ್ರಯಾಣಿಕರ ಪಟ್ಟಿ, ಸರಕಿನ ವಿವರ. ನಮ್ಮಲ್ಲಿ ಇದರ ಜೊತೆಗೆ ವಾಯುರಕ್ಷಣೆಯ ಅನುಮತಿ ಸಂಖ್ಯೆಯೂ ಬೇಕು. ಹೋಗುವ ದೇಶದ ಅನುಮತಿ, ಕಸ್ಟಮ್ಸ್ ಘೋಷಣೆ, ಅಲ್ಲಿಯೂ ಚಲಾವಣೆಯಾಗುವ ವಿಮೆ ಇವೆಲ್ಲ ಸರಿ. ‘ಮಾಹಿ’ಯಂಥ ಹಗುರ ವರ್ಗದ ವಿಮಾನಕ್ಕೆ ಇನ್ನೊಂದು ತೊಡಕಿದೆ. ಪೂರ್ಣ ಪ್ರಮಾಣದ ಯೋಗ್ಯತಾ ಪತ್ರವನ್ನು ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರ ಒಪ್ಪುತ್ತವೆ. ಈ ವರ್ಗದ್ದನ್ನು ಹಾಗೆ ಒಪ್ಪುವ ಕಟ್ಟಳೆ ಇಲ್ಲ. ಪ್ರತಿ ದೇಶದ ಬಾಗಿಲನ್ನೂ ಬೇರೆ ಬೇರೆ ತಟ್ಟಬೇಕು. ಇದರಲ್ಲಿ ಸುರಕ್ಷತೆ ಎಲ್ಲಿದೆ ಎಂದು ಕೇಳಬಹುದು. ಭೂಮಿ ಸುತ್ತಲು ಹೊರಟು ಕಡಲಿನಲ್ಲಿ ಕಣ್ಮರೆಯಾದ ಅಮೆರಿಕದ ಪೈಲಟ್ ಅಮೇಲಿಯಾ ಇಯರ್‌ಹಾರ್ಟ್ ಅವರನ್ನು ನೆನಪಿಸಿಕೊಳ್ಳಿ. 1937ರ ಜೂನಿನಲ್ಲಿ ಆಕೆ ಕರಾಚಿ, ಕಲ್ಕತ್ತಗಳಲ್ಲಿ ಇಳಿದು ಮುಂದೆ ಹೋದರು. ಎರಡು ಎಂಜಿನ್ನಿನ ವಿಮಾನ. ಜೊತೆಗೆ ದಾರಿ ಬಲ್ಲ ಸಹಾಯಕ. ಜುಲೈ 2ರಂದು ಪೆಸಿಫಿಕ್ ಸಾಗರದ ಹೌಲೆಂಡ್ ಎಂಬ ಚಿಕ್ಕ ದ್ವೀಪದ ಬಳಿ ಇಟಾಸ್ಕಾ ಎಂಬ ಹಡಗು ಅವರಿಗಾಗಿಯೇ ಕಾದಿತ್ತು. ಹಡಗಿಗೆ ಅವರ ದನಿ ಕೇಳಿಸಿತು. ಹಡಗಿನ ಮಾತು ಅವರಿಗೆ ಮುಟ್ಟಿದಂತೆ ಕಾಣಲಿಲ್ಲ. ಯಾವ ತರಂಗದಲ್ಲಿ ಯಾರು ಮಾತಾಡಬೇಕು, ಯಾರು ಕೇಳಬೇಕು ಎಂಬುದು ಮೊದಲೇ ಎರಡೂ ಕಡೆ ಗಟ್ಟಿಯಾಗಿ ಗೊತ್ತುಪಡಿಸಿಕೊಂಡಿರಲಿಲ್ಲ. ಅಲ್ಲಿ ಕೊರತೆಯಾದದ್ದು ಹಡಗಲ್ಲ, ರೇಡಿಯೊ ಅಲ್ಲ. ಪರಸ್ಪರ ಬರೆದಿಟ್ಟುಕೊಂಡ ಒಪ್ಪಂದ. ಅನುಮತಿ ಪತ್ರ ಅಂದರೆ ಬರೀ ಅಪ್ಪಣೆ ಅಲ್ಲ. ನೀವು ಬರುತ್ತೀರಿ ಎಂದು ಆಚೆಯವರಿಗೆ ಗೊತ್ತಿದೆ ಎಂಬುದಕ್ಕೆ ಸಾಕ್ಷಿ.

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ. ಅದು ಗಟ್ಟಿಯಾದದ್ದು. ಕಾಗದವೇ ಅಪಾಯ ತರುವುದುಂಟು ಎನ್ನುತ್ತಾರೆ. ಅನುಮತಿಗಾಗಿ ವಾರಗಟ್ಟಲೆ ಅಲೆದು ಸುಸ್ತಾದ ಪೈಲಟ್, ಇವತ್ತಿಗೆ ಸಿಕ್ಕಿದ್ದನ್ನು ನಾಳೆಗೆ ಕಳೆದುಕೊಳ್ಳಬಾರದು ಎಂದು ಮೋಡ ಕವಿದ ಹೊತ್ತಿನಲ್ಲೂ ಹೊರಟುಬಿಡುತ್ತಾನೆ. ಈ ಮಾತನ್ನು ನಾನು ಒಪ್ಪುತ್ತೇನೆ. ಹವಾಮಾನಕ್ಕೆ ಅನುಮತಿ ಪತ್ರದ ತಾರೀಖು ಗೊತ್ತಿಲ್ಲ. ನಮ್ಮ ಕಚೇರಿಗಳು ಈ ಕೆಲಸವನ್ನು ಇನ್ನೂ ಸಲೀಸು ಮಾಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಒಂದೇ ವಿವರವನ್ನು ನಾಲ್ಕು ಕಡೆ ಬರೆಸುವುದರಿಂದ ಯಾರ ಜೀವವೂ ಉಳಿಯುವುದಿಲ್ಲ. ಆದರೆ ಇದಕ್ಕೆ ಮದ್ದು ಕಾಗದ ಬಿಡುವುದಲ್ಲ, ಬೇಗ ಶುರು ಮಾಡುವುದು. ಅರ್ಜಿಯಲ್ಲೇ ಒಂದರ ಬದಲು ಎರಡು ಮೂರು ದಿನದ ಸಡಿಲ ಕೇಳಬೇಕು. ಬಹಳ ದೇಶಗಳು ಕೊಡುತ್ತವೆ. ತಿರುಚಿಯಲ್ಲಿ ಎರಡು ರಾತ್ರಿ ಲಾಡ್ಜಿನಲ್ಲಿ ತಂಗುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಆ ದುಡ್ಡು ಜೇಬಿನಲ್ಲಿ ಇದ್ದವನು ಮೋಡ ಕಂಡರೆ ನಿಲ್ಲುತ್ತಾನೆ. ಇಲ್ಲದವನು ಹೊರಡುತ್ತಾನೆ. ಈ ಮಟ್ಟಿಗೆ ಲಾಡ್ಜಿನ ಬಾಡಿಗೆಯೂ ಸುರಕ್ಷತೆಯ ಸಾಮಾನೇ.

ಕೊನೆಗೆ, ನೀವು ಆಗಿನಿಂದ ಮನಸ್ಸಿನಲ್ಲಿ ಇಟ್ಟುಕೊಂಡಿರುವ ಪ್ರಶ್ನೆ. ಇದು ದುಡ್ಡಿದ್ದವರ ಆಟ, ಅಡಿಕೆ ಸುಲಿಯುತ್ತ ರೇಡಿಯೊ ಕೇಳುವ ನಮಗೆ ಇದರಿಂದ ಏನು? ಉತ್ತರ ಬೀಕನ್ ನೋಂದಣಿಯ ಅರ್ಜಿಯಲ್ಲೇ ಇದೆ. ಅದರಲ್ಲಿ ತುರ್ತಿಗೆ ಸಂಪರ್ಕಿಸಬೇಕಾದವರ ಹೆಸರು, ಫೋನ್ ನಂಬರ್ ಕೇಳುತ್ತಾರೆ. ಬೆಂಗಳೂರಿನ ಜಕ್ಕೂರಿನಲ್ಲಿ ಕಲಿಯಲಿ, ಹೊರದೇಶದಲ್ಲಿ ಕಲಿಯಲಿ, ನಿಮ್ಮ ಊರಿನ ಹುಡುಗಿಯೋ ಹುಡುಗನೋ ಆ ಜಾಗದಲ್ಲಿ ಬರೆಯುವುದು ಅಪ್ಪ ಅಮ್ಮನ ನಂಬರನ್ನು. ಶಿಕಾರಿಪುರದ್ದೋ ಸೊರಬದ್ದೋ ಮನೆಯೊಂದರಲ್ಲಿ ಫೋನ್ ಹೊಡೆದುಕೊಳ್ಳುತ್ತದೆ. ಗುರುತಿಲ್ಲದ ನಂಬರು. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಯಾರೋ ಕೇಳುತ್ತಾರೆ: ನಿಮ್ಮ ಮಗಳು ಇವತ್ತು ಹಾರುತ್ತಿದ್ದಾಳೆಯೇ? ಎಷ್ಟು ಹೊತ್ತಿಗೆ ಹೊರಟಳು, ಎಲ್ಲಿಗೆ? ಲೋನ್ ಮಾರುವವರ ಕರೆ ಎಂದು ಅದನ್ನು ಕತ್ತರಿಸಿದರೆ, ಅಥವಾ ಗೊತ್ತಿಲ್ಲ ಎಂದುಬಿಟ್ಟರೆ, ಅಲ್ಲಿಗೆ ಒಂದು ಕೊಂಡಿ ಕಳಚಿತು. ಆದ್ದರಿಂದ ನನ್ನ ಕೋರಿಕೆ ಪೈಲಟ್‌ಗಳಿಗಲ್ಲ, ಅವರ ಮನೆಯವರಿಗೆ. ಮಗ ಮಗಳು ನೀರಿನ ಮೇಲೆ ಹಾರುವ ದಿನ ನಾಲ್ಕು ವಿಷಯ ಕೇಳಿ, ಕ್ಯಾಲೆಂಡರಿನ ಆ ತಾರೀಖಿನ ಮೇಲೆ ಬರೆದಿಡಿ: ವಿಮಾನದ ಗುರುತಿನ ಅಕ್ಷರಗಳು, ಹೊರಡುವ ಊರು ಮತ್ತು ಹೊತ್ತು, ಇಳಿಯುವ ಊರು ಮತ್ತು ಹೊತ್ತು, ಜೊತೆಗಿರುವವರು ಎಷ್ಟು ಜನ. ಅವರು ಇಳಿದೆ ಎಂದು ಹೇಳುವ ತನಕ ಫೋನನ್ನು ಚಾರ್ಜಿನಲ್ಲಿಡಿ, ಯಾವ ನಂಬರು ಬಂದರೂ ಎತ್ತಿ.